ನಿರ್ಜನ ಅಂತ ಬರೆದವರು ಯಾರು?

ಹುಬ್ಬಳ್ಳಿಯಿಂದ ಹೊರಟು 240 ಕಿಲೋಮೀಟರ್ ಸುತ್ತಿ ಮತ್ತೆ ಹುಬ್ಬಳ್ಳಿಗೆ ಬಂದು ಮೂರು ದಿನ ಆಯಿತು. ಕಾರಿನ ಚಕ್ರದ ಸಂದಿಯಲ್ಲಿ ಹೊಕ್ಕ ಎರೆಮಣ್ಣು ಇನ್ನೂ ಬಿಟ್ಟಿಲ್ಲ. ನನ್ನ ತಮ್ಮ ನಿನ್ನೆಯೂ ಕಬ್ಬಿಣದ ಪಟ್ಟಿ ಹಿಡಿದು ಕೆರೆಯುತ್ತಾ ಕೂತಿದ್ದ.

ಕಾರ್ ರ‍್ಯಾಲಿಗೆ ಹೋಗುತ್ತೇವೆ ಅಂದಾಗ ಅವ್ವ ಒಂದೇ ಮಾತು ಕೇಳಿದಳು. ‘ಜೋರ್ ಓಡಿಸಿ ಸಾಯಾಕ ಹೊಂಟೀರೇನು?’ ಅವಳಿಗೆ ತಿಳಿಸಿ ಹೇಳಲು ಅರ್ಧ ತಾಸು ಹಿಡಿಯಿತು. ಇದು ಟಿಎಸ್‌ಡಿ ರ‍್ಯಾಲಿ. ಸಮಯ, ವೇಗ, ದೂರ ಮೂರನ್ನೂ ತಾಳೆ ಹಾಕುವ ಆಟ. ಗಂಟೆಗೆ 36 ಕಿಲೋಮೀಟರ್ ಸರಾಸರಿ ಅಂತ ಕೊಟ್ಟರೆ ಒಂದು ಕಿಲೋಮೀಟರಿಗೆ ಸರಿಯಾಗಿ 100 ಸೆಕೆಂಡ್. ಯಾವುದೋ ಬೇಲಿ ಮರೆಯಲ್ಲಿ ಗಡಿಯಾರ ಹಿಡಿದವರು ಕೂತಿರುತ್ತಾರೆ. ತಡವಾಗಿ ಬಂದರೆ ದಂಡ, ಬೇಗ ಬಂದರೂ ದಂಡ. ‘ಹಂಗಾದ್ರ ಬಸ್ಸಿನ್ಯಾಗ ಹೋಗ್ರಿ’ ಅಂದಳು ಅವ್ವ.

ತಮ್ಮ ಡ್ರೈವರ್, ನಾನು ಪಕ್ಕದಲ್ಲಿ ಕೂತು ದಾರಿ ಹೇಳುವ ನ್ಯಾವಿಗೇಟರ್. ಬೆಳಿಗ್ಗೆ ಕೈಗೆ ರೋಡ್‌ಬುಕ್ ಕೊಟ್ಟರು. ಅದರಲ್ಲಿ ನಕ್ಷೆ ಇರುವುದಿಲ್ಲ, ಊರಿನ ಹೆಸರೂ ಅಪರೂಪ. ಪ್ರತಿ ತಿರುವಿಗೆ ಒಂದು ಪುಟ್ಟ ಚಿತ್ರ. ಚುಕ್ಕೆ ಇದ್ದಲ್ಲಿಂದ ನೀವು ಬಂದಿರಿ, ಬಾಣ ತೋರಿಸಿದ ಕಡೆ ಹೋಗಬೇಕು. ಈ ಚಿತ್ರಕ್ಕೆ ಟ್ಯೂಲಿಪ್ ಅಂತಾರೆ. ಡಚ್ಚರ ಟ್ಯೂಲಿಪ್ ರ‍್ಯಾಲಿಯಿಂದ ಬಂದ ಹೆಸರು, ಹೂವಿಗೂ ಚಿತ್ರಕ್ಕೂ ಸಂಬಂಧವೇನೂ ಇಲ್ಲ.

ಅಣ್ಣಿಗೇರಿ, ಗದಗ ದಾಟುವವರೆಗೆ ಎಲ್ಲ ಸಲೀಸು. ಡಂಬಳ ಬಿಟ್ಟು ಕಪ್ಪತಗುಡ್ಡದ ಬುಡದ ಹಳ್ಳಿ ರಸ್ತೆಗೆ ಇಳಿದ ಮೇಲೆ ಪುಟದ ಮೇಲ್ಗಡೆ ದಪ್ಪ ಅಕ್ಷರ ಕಂಡಿತು: ‘ನಿರ್ಜನ ಪ್ರದೇಶ’.

ನಿರ್ಜನ ಅಂತೆ! ಮೊದಲ ತಿರುವಿನಲ್ಲೇ ಅರ್ಧ ರಸ್ತೆಗೆ ಗೋವಿನಜೋಳ ಹರವಿತ್ತು. ಹಿಂದಿನ ಸಂಜೆ ಅಕಾಲದ ಮಳೆ ಬಿದ್ದಿತ್ತು. ಒಬ್ಬಾಕೆ ಆಗಷ್ಟೇ ತಾಡಪತ್ರಿ ತೆಗೆದು ಕಾಳು ಹರವುತ್ತಿದ್ದಳು. ತಮ್ಮ ನಿಲ್ಲಿಸಿದ. ನನ್ನ ಕೈಯಲ್ಲಿ ಸ್ಟಾಪ್‌ವಾಚ್ ಓಡುತ್ತಲೇ ಇತ್ತು. ಆಕೆ ಕಾಳು ಬದಿಗೆ ಸರಿಸುವಷ್ಟರಲ್ಲಿ 70 ಸೆಕೆಂಡ್ ಹೋಯಿತು. ನಮ್ಮ ಹಿಂದಿನ ಕಾರಿನವರು ಹಾರ್ನ್ ಹೊಡೆದರು. ಆ ಹಾರ್ನ್ ಕೇಳಿ ನನಗೆ ಆದ ನಾಚಿಕೆ ಅಷ್ಟಿಷ್ಟಲ್ಲ. ಯಾಕೆಂದರೆ ಒಂದು ಕ್ಷಣ ನನಗೂ ಹೊಡೆಯಬೇಕು ಅನ್ನಿಸಿತ್ತು.

ಹೋದ ಸಮಯ ಹಿಡಿಯುವ ಅವಸರದಲ್ಲಿ ಒಂದು ಟ್ಯೂಲಿಪ್ ತಪ್ಪಿಸಿದೆ. ತಪ್ಪು ನನ್ನದೇ. ಡಾಂಬರು ಮುಗಿದು ಚಕ್ಕಡಿ ಹಾದಿ ಬಂತು. ಅದೂ ಮುಗಿದು ಕಡಲೆ ಹೊಲದ ಬದು ಬಂತು. ಮಳೆ ಕುಡಿದ ಎರೆಮಣ್ಣು ಹೇಗಿರುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾ? ನಾಲ್ಕು ಹೆಜ್ಜೆ ಇಟ್ಟರೆ ಚಪ್ಪಲಿ ಒಂದೊಂದು ಕಿಲೋ ತೂಗುತ್ತದೆ. ಕಾರು ಅಲ್ಲೇ ಕೂತುಬಿಟ್ಟಿತು.

ಕುರಿ ಕಾಯುವ ಅಜ್ಜ ಒಬ್ಬ ಬಂದ. ‘ಯಕ್ಕಾ, ಇತ್ಲಾಗ ಹಾದಿ ಇಲ್ರಿ. ಯಾರ್ ಹೇಳಿದ್ರಿ ನಿಮಗ?’

‘ಈ ಪುಸ್ತಕ ಹೇಳೇತ್ರಿ ಅಜ್ಜಾರ.’

ಪುಸ್ತಕ ಇಸಕೊಂಡು ನೋಡಿದ, ತಿರುವಿ ನೋಡಿದ, ವಾಪಸ್ ಕೊಟ್ಟ. ಪಕ್ಕದ ಹೊಲದಿಂದ ಇಬ್ಬರು ಹುಡುಗರನ್ನು ಕೂಗಿದ. ಕಣಕಿ ತಂದು ಚಕ್ರದ ಕೆಳಗೆ ಹಾಕಿದರು, ಹಿಂದಿನಿಂದ ತಳ್ಳಿದರು. ಹೊರಗೆ ಬರಲು 40 ನಿಮಿಷ ಹಿಡಿಯಿತು. ರ‍್ಯಾಲಿ ಅಲ್ಲಿಗೇ ಮುಗಿದ ಹಾಗೆ. ಅಜ್ಜ ಕೊಟ್ಟ ರೊಟ್ಟಿ, ಶೇಂಗಾ ಚಟ್ನಿ ತಿಂದು ಮುಂದೆ ಹೋದೆವು.

ತಮ್ಮನಿಗೆ ಮರಳುಗಾಡಿನಲ್ಲಿ ಓಡುವ ಡಾಕಾರ್ ರ‍್ಯಾಲಿಯ ಹುಚ್ಚು. ಪ್ರತಿ ಜನವರಿಯಲ್ಲಿ ಅದರ ವಿಡಿಯೋ ನೋಡುತ್ತಾನೆ. 1982ರಲ್ಲಿ ಆ ರ‍್ಯಾಲಿಗೆ ಹೋದ ಬ್ರಿಟನ್ ಪ್ರಧಾನಿಯ ಮಗ ಸಹಾರಾದಲ್ಲಿ ಆರು ದಿನ ಕಳೆದುಹೋಗಿದ್ದ ಕತೆಯನ್ನು ನಮ್ಮ ಮನೆಯಲ್ಲಿ ಎಲ್ಲರೂ ಹತ್ತು ಸಲ ಕೇಳಿದ್ದೇವೆ. ಅದೇ ರ‍್ಯಾಲಿಯಲ್ಲಿ 1988ರಲ್ಲಿ ದಾರಿಬದಿಯ ಹಳ್ಳಿ ಮಕ್ಕಳು ಗಾಡಿಗೆ ಸಿಕ್ಕು ಸತ್ತದ್ದನ್ನು ಮಾತ್ರ ಅವನು ಹೇಳಿರಲಿಲ್ಲ. ನಾನೇ ಓದಿ ತಿಳಿದದ್ದು. ಅಷ್ಟು ದೊಡ್ಡ ಮರಳುಗಾಡಿನಲ್ಲೇ ಜನ ಇದ್ದರು. ಇನ್ನು ಗದಗ ಜಿಲ್ಲೆ ಖಾಲಿ ಇರುತ್ತದಾ?

ಕಪ್ಪತಗುಡ್ಡಕ್ಕಂತೂ ‘ನಿರ್ಜನ’ ಅನ್ನುವ ಮಾತು ಹೊಂದುವುದೇ ಇಲ್ಲ. ಈ ಗುಡ್ಡದ ಸಂರಕ್ಷಣೆಗಾಗಿ 2017ರಲ್ಲಿ ಗದಗಿನಲ್ಲಿ ಜನ ಧರಣಿ ಕೂತಿದ್ದರು. 2019ರಲ್ಲಿ ಅದು ವನ್ಯಜೀವಿ ಧಾಮ ಆಯಿತು, ಸುಮಾರು 244 ಚದರ ಕಿಲೋಮೀಟರ್. ತೋಳ, ಕತ್ತೆಕಿರುಬ ಇರುವ ಜಾಗ. ಗಿಡಮೂಲಿಕೆಗೆ ಹೆಸರಾದ ಜಾಗ. ನಮ್ಮ ರ‍್ಯಾಲಿ ಧಾಮದ ಒಳಗೆ ಹೋಗಲಿಲ್ಲ, ಅದು ಸರಿಯಾದ ಕೆಲಸ. ಆದರೆ ಹೊರಗಿನ ರಸ್ತೆಯಲ್ಲೂ ಕುರಿ, ಕಾಳು, ಶಾಲೆ ಮಕ್ಕಳು ಎಲ್ಲ ಇದ್ದಾರಲ್ಲ. ಆ ದಾರಿಗೆ 36ರ ಸರಾಸರಿಯೇ ಜಾಸ್ತಿ ಅಂತ ನನ್ನ ಲೆಕ್ಕ. 25 ಸಾಕು. ಕಾಳು ಒಕ್ಕುವ ಕಾಲದಲ್ಲಿ ಆಯೋಜಕರು ಎರಡು ದಿನ ಮೊದಲೇ ಊರಲ್ಲಿ ಹೇಳಿ ಬರಲಿ. ಜನರಿಗಾಗಿ ನಿಂತ ಸೆಕೆಂಡಿಗೆ ದಂಡ ಹಾಕಬಾರದು.

ಸಂಜೆ ಶಿರಹಟ್ಟಿ ದಾಟಿ ಮಾಗಡಿ ಕೆರೆ ಹತ್ತಿರ ಬರುವಾಗ ಪಟ್ಟೆತಲೆ ಹೆಬ್ಬಾತುಗಳು ಹಿಂಡುಹಿಂಡಾಗಿ ನೀರಿಗೆ ಇಳಿಯುತ್ತಿದ್ದವು. ಚಳಿಗಾಲ ಕಳೆಯಲು ಹಿಮಾಲಯ ದಾಟಿ ಬರುವ ಹಕ್ಕಿಗಳು. ಹೇಗೂ ಸೋತಿದ್ದೆವಲ್ಲ, ಕಾರು ನಿಲ್ಲಿಸಿ ಕತ್ತಲಾಗುವವರೆಗೆ ನೋಡಿದೆವು. ಆ ದಿನ ಸ್ಟಾಪ್‌ವಾಚ್ ಆರಿಸಿದ್ದು ಅಲ್ಲೇ.

ರಾತ್ರಿ ಆಯೋಜಕರ ವಾಟ್ಸಾಪ್ ಗುಂಪಿಗೆ ಇದನ್ನೆಲ್ಲ ಬರೆದು ಹಾಕಿದೆ. ಮುಂದಿನ ಸಲ ಆ ಪುಟದಲ್ಲಿ ‘ನಿರ್ಜನ’ ತೆಗೆದು ‘ರಸ್ತೆ ಮೇಲೆ ಕಾಳು ಇರುತ್ತದೆ, ನಿಧಾನ’ ಅಂತ ಬರೆಯಿರಿ ಎಂದೂ ಕೇಳಿದೆ. ಒಂದು ಹೆಬ್ಬೆರಳಿನ ಚಿಹ್ನೆ ಬಂತು. ಇವತ್ತಿನವರೆಗೆ ಅಷ್ಟೇ.