ಹೊಗೆ ಜ್ವಾಲಾಮುಖಿಯದ್ದಾ, ನಮ್ಮದಾ?

"ಒಂದು ಜ್ವಾಲಾಮುಖಿ ಸಿಡಿದರೆ ಸಾಕು, ಮನುಷ್ಯರು ಇಷ್ಟು ವರ್ಷ ಬಿಟ್ಟಿದ್ದಕ್ಕಿಂತ ಜಾಸ್ತಿ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಭೂಮಿ ಬಿಸಿಯಾಗುತ್ತಿರುವುದಕ್ಕೆ ಸುಮ್ನೆ ನಮ್ಮ ಮೇಲೆ ಗೂಬೆ ಕೂರಿಸುತ್ತಾರೆ." ಇಂಥದ್ದೊಂದು ಮೆಸೇಜ್ ಆಗಾಗ ಫ್ಯಾಮಿಲಿ ಗ್ರೂಪಿಗೆ ಬಂದು ಬೀಳುತ್ತದೆ. ಬೆಂಕಿ ಉಗುಳುವ ಬೆಟ್ಟದ ಫೋಟೊ ನೋಡಿದರೆ ನಂಬಬೇಕು ಅನ್ನಿಸುವುದೂ ನಿಜ. ಆದರೆ ಲೆಕ್ಕ ಬೇರೆ.

ಭೂಮಿಯ ಜ್ವಾಲಾಮುಖಿಗಳೆಲ್ಲ ಸೇರಿ ವರ್ಷಕ್ಕೆ ಬಿಡುವುದು 50 ಕೋಟಿ ಟನ್ನಿಗಿಂತ ಕಡಿಮೆ. ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್, ಗ್ಯಾಸ್ ಸುಟ್ಟು ನಾವು ಬಿಡುವುದು 3,500 ಕೋಟಿ ಟನ್ನಿಗೂ ಜಾಸ್ತಿ.

1991ರಲ್ಲಿ ಫಿಲಿಪ್ಪೀನ್ಸಿನ ಪಿನಾಟುಬೊ ಸಿಡಿದಾಗ ಆಗಿದ್ದು ಉಲ್ಟಾ. ಗಂಧಕದ ಅನಿಲ ತುಂಬಾ ಮೇಲಕ್ಕೇರಿ, ಸಣ್ಣ ಹನಿಗಳಾಗಿ, ಬಿಸಿಲಿಗೆ ತೆಳು ಪರದೆ ಕಟ್ಟಿತು. ಭೂಮಿ ಒಂದೆರಡು ವರ್ಷ ಸುಮಾರು ಅರ್ಧ ಡಿಗ್ರಿ ತಣ್ಣಗಾಯಿತು.

ಇನ್ನೊಂದು ತಮಾಷೆ. ಗಾಳಿಯ ಕಾರ್ಬನ್ ಡೈಆಕ್ಸೈಡನ್ನು 1958ರಿಂದ ಅಳೆಯುತ್ತಿರುವುದು ಹವಾಯಿಯ ಮೌನಾ ಲೋವಾ ಎಂಬ ಜ್ವಾಲಾಮುಖಿಯ ಮೇಲೇ! ಅದರ ಹೊಗೆ ಲೆಕ್ಕ ಕೆಡಿಸುತ್ತದೆ ಅಲ್ವಾ ಅಂತ ನನಗೂ ಅನ್ನಿಸಿತ್ತು. ಜ್ವಾಲಾಮುಖಿಯ ಬಾಯಿಯ ಕಡೆಯಿಂದ ಗಾಳಿ ಬೀಸಿದಾಗ ಅಂಕಿ ದಿಢೀರ್ ಕುಣಿಯುತ್ತದೆ. ಆ ಹೊತ್ತಿನ ಅಳತೆಯನ್ನು ಬಿಟ್ಟುಬಿಡುತ್ತಾರೆ. 1958ರಲ್ಲಿ ಗಾಳಿಯ ಹತ್ತು ಲಕ್ಷ ಭಾಗಕ್ಕೆ 315ರಷ್ಟಿದ್ದದ್ದು ಈಗ 420 ದಾಟಿದೆ. ದಕ್ಷಿಣ ಧ್ರುವದಲ್ಲಿ ಅಳೆದರೂ ಇದೇ ಏರಿಕೆ.