ಕರಪತ್ರದ ಕೆಳಗಿನ ಅರ್ಧ

ದಾವಣಗೆರೆಯಲ್ಲಿ ಹೋರಾಟದ ಕರಪತ್ರ ಮಾಡಿಸಲು ಬರುವವರು ಮೊದಲು ಕೈಗೆ ಕೊಡುವುದು ಕೆಳಗೆ ಅಚ್ಚಾಗಬೇಕಾದ ಮುಖಂಡರ, ಕಾರ್ಯಕರ್ತರ ಹೆಸರುಗಳ ಪಟ್ಟಿ. ವಿಷಯ ಆಮೇಲೆ. ಕೆಲವು ಸಲ ವಿಷಯ ಬರೆದುಕೊಂಡೇ ಬಂದಿರುವುದಿಲ್ಲ. "ಹೋದ ಸಲದ್ದೇ ಇದೆಯಲ್ಲ, ತಾರೀಖು ಬದಲಾಯಿಸಿ" ಅನ್ನುತ್ತಾರೆ. ಹೆಸರುಗಳು ಮಾತ್ರ ನೋಟ್‌ಬುಕ್ಕಿನ ಹಾಳೆಯಲ್ಲಿ, ಬಾಣದ ಗುರುತು ಹಾಕಿ ಮೇಲಿದ್ದವರನ್ನು ಕೆಳಗೆ, ಕೆಳಗಿದ್ದವರನ್ನು ಮೇಲೆ ಮಾಡಿ, ಪಕ್ಕಾ ಆಗಿ ಬಂದಿರುತ್ತವೆ.

ನನ್ನದು ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಅಚ್ಚಿಗೆ ಪುಟ ಮಾಡಿಕೊಡುವ ಕೆಲಸ. ಮದುವೆ ಕಾರ್ಡು, ಬಿಲ್ ಬುಕ್ಕಿನಿಂದ ಹೊಟ್ಟೆ ತುಂಬುತ್ತದೆ, ಕರಪತ್ರದಿಂದ ಖುಷಿ ಸಿಗುತ್ತದೆ. ಅಂಗನವಾಡಿಯವರು ಬರುತ್ತಾರೆ, ಬೀಡಿ ಕಟ್ಟುವವರು, ಹಮಾಲರು, ಹಾಸ್ಟೆಲ್ ಹುಡುಗರು, ಭದ್ರಾ ನಾಲೆಯ ಕೊನೆ ಭಾಗಕ್ಕೆ ನೀರು ಬರಲಿಲ್ಲ ಅಂತ ರೈತರು. ಈ ಊರಿಗೆ ಇದೇನೂ ಹೊಸದಲ್ಲ. ಹತ್ತಿ ಗಿರಣಿಗಳ ಊರು, ಕಾರ್ಮಿಕ ಮುಖಂಡ ಪಂಪಾಪತಿ ಸಿಪಿಐನಿಂದ ಗೆದ್ದು ಶಾಸಕರಾಗಿದ್ದ ಊರು. ಆಗೆಲ್ಲ ಅಚ್ಚಿನ ಮೊಳೆ ಜೋಡಿಸುವ ಕಾಲ. ಒಂದೊಂದು ಅಕ್ಷರವನ್ನೂ ಕೈಯಿಂದ ಎತ್ತಿಡಬೇಕು ಅಂದಾಗ ಯಾರೂ ಸುಮ್ನೆ ಮಾತು ಬೆಳೆಸುವುದಿಲ್ಲ. ಈಗ ಎಲ್ಲದಕ್ಕೂ ಒಂದೇ ಉತ್ತರ: "ಅಕ್ಷರ ಸಣ್ಣದು ಮಾಡ್ರಿ, ಹಿಡಿಸುತ್ತೆ."

ಹಿಡಿಸಬೇಕಾದ ಜಾಗವಾದರೂ ಎಷ್ಟು? ಹೆಚ್ಚಾಗಿ ಎ4 ಹಾಳೆಯ ಅರ್ಧ. 15 ಸೆಂಟಿಮೀಟರ್ ಅಗಲ, 21 ಸೆಂಟಿಮೀಟರ್ ಉದ್ದ. ಅದರಲ್ಲಿ ಮೇಲ್ಗಡೆ ಫೋಟೋಗಳ ಸಾಲು. ಬಸವಣ್ಣ, ಅಂಬೇಡ್ಕರ್, ಗಾಂಧಿ, ಭಗತ್ ಸಿಂಗ್, ಪ್ರೊ. ನಂಜುಂಡಸ್ವಾಮಿ. ಯಾವ ಸಂಘದ ಕರಪತ್ರ ಅಂತ ತಿಳಿಯಲು ಬಾವುಟ ನೋಡಬೇಕಿಲ್ಲ, ಯಾರ ಪಕ್ಕ ಯಾರಿದ್ದಾರೆ ನೋಡಿದರೆ ಸಾಕು.

ಅಕ್ಷರ ಸಣ್ಣದು ಮಾಡುವುದು ಸುಲಭ. ಆದರೆ ಕನ್ನಡಕ್ಕೆ ಮೇಲೆ ಗುಣಿಸು, ಕೆಳಗೆ ಒತ್ತು. ಸಾಲುಗಳನ್ನು ಒತ್ತೊತ್ತಾಗಿ ಕೂರಿಸಿದರೆ ಮೇಲಿನ ಸಾಲಿನ 'ಹಕ್ಕೊತ್ತಾಯ'ದ ಒತ್ತುಗಳು ಕೆಳಗಿನ ಸಾಲಿನ 'ನೀರಾವರಿ'ಯ ತಲೆಗೆ ಬಡಿಯುತ್ತವೆ. ಹೋಗಲಿ ಅಂತ ತಲೆಬರಹವನ್ನು ದಪ್ಪ ಮಾಡಿದರೆ ಇನ್ನೊಂದು ಕಾಟ. ತೆಳು ಕಾಗದದ ಮೇಲೆ ಮಸಿ ಹರಡಿ ಮಹಾಪ್ರಾಣದ ಸೀಳು ಮುಚ್ಚಿಹೋಗುತ್ತದೆ. 'ಧರಣಿ' ಹೋಗಿ 'ದರಣಿ' ಆಗುತ್ತದೆ, 'ಧಿಕ್ಕಾರ' ಹೋಗಿ 'ದಿಕ್ಕಾರ'. ಮೆರವಣಿಗೆಯಲ್ಲಿ ಮುಕ್ಕಾಲು ಜನ ಕೂಗುವುದೂ ಹಾಗೇ, ಅದು ಬೇರೆ ಮಾತು. ಇದರ ಜೊತೆಗೆ ವಾಟ್ಸಾಪ್. ಅದರಲ್ಲಿ ಬರುವ ಬರಹ ಯುನಿಕೋಡ್, ಪುಟ ಜೋಡಿಸುವ ನಮ್ಮ ಹಳೇ ಪೇಜ್‌ಮೇಕರ್ ತಂತ್ರಾಂಶಕ್ಕೆ ಬೇಕಾದ್ದು ಹಳೇ ನುಡಿ ಫಾಂಟು; ಒಂದರ ಅಕ್ಷರ ಇನ್ನೊಂದಕ್ಕೆ ನೇರವಾಗಿ ಹೊಂದುವುದಿಲ್ಲ. ಪರಿವರ್ತಕಕ್ಕೆ ಹಾಕಿ ತೆಗೆದರೆ ಕಾರ್ಯಕರ್ತರ ಅರ್ಕಾವತ್ತು ಪಕ್ಕದ ಮನೆಗೆ ಹೋಗಿ ಕೂತಿರುತ್ತದೆ.

ಕಾಗದದ ಬಣ್ಣದ ವಿಷಯದಲ್ಲಿ ನಾನು ಹಠಮಾರಿ. ಹಳದಿ ಕಾಗದ, ಕಪ್ಪು ಮಸಿ. ಕೆಂಬಾವುಟದವರು ಕಡುಗೆಂಪು ಕಾಗದ ಕೇಳುತ್ತಾರೆ. ಅದನ್ನು ಜೆರಾಕ್ಸ್ ಮಾಡಿದರೆ ಬರುವುದು ಬರೀ ಕಪ್ಪು.

ಚುನಾವಣೆ ಬಂದಾಗ ಮಾತ್ರ ಹೆಸರಿನ ಆಸೆ ಸ್ವಲ್ಪ ತಣ್ಣಗಾಗುತ್ತದೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಂ ಪ್ರಕಾರ ಚುನಾವಣೆಯ ಕರಪತ್ರದಲ್ಲಿ ಮುದ್ರಕರ, ಪ್ರಕಾಶಕರ ಹೆಸರು ವಿಳಾಸ ಇರಲೇಬೇಕು. ಪ್ರಕಾಶಕರು ಸಹಿ ಹಾಕಿ ಘೋಷಣೆ ಕೊಡಬೇಕು, ಅವರನ್ನು ಬಲ್ಲ ಇಬ್ಬರು ಅದನ್ನು ದೃಢೀಕರಿಸಬೇಕು. ತಪ್ಪಿದರೆ 6 ತಿಂಗಳವರೆಗೆ ಜೈಲು, ಇಲ್ಲವೇ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. "ಪ್ರಕಾಶಕರು ಅಂತ ಯಾರ ಹೆಸರು ಹಾಕಲಿ?" ಎಂದು ಕೇಳಿದರೆ ಅಷ್ಟು ಹೊತ್ತು ಮೇಲಿನ ಸಾಲಿಗೆ ಜಗಳವಾಡಿದವರೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಹೀಗೆಲ್ಲ ನಗಾಡಿದರೂ ಆ ಪಟ್ಟಿಯ ಬಗ್ಗೆ ನನಗೆ ಗೌರವವಿದೆ. ಕಾರಣ ಹೇಳುತ್ತೇನೆ. ಓದಿದ ಹುಡುಗರ ಗುಂಪೊಂದು ಒಂದು ಸಲ ಬಂದು "ಸಾರ್, ಹೆಸರೇ ಬೇಡ, ವಿಷಯ ಅಷ್ಟೇ ಇರಲಿ" ಅಂದರು. ಕರಪತ್ರ ಚೆನ್ನಾಗಿಯೇ ಬಂತು. ದೊಡ್ಡ ತಲೆಬರಹ, ಸುತ್ತ ಖಾಲಿ ಜಾಗ, ಮೂಲೆಯಲ್ಲಿ ಒಂದು ಕ್ಯೂಆರ್ ಕೋಡ್. ಆದರೆ ಹಂಚಲು ಜನರೇ ಸಿಗಲಿಲ್ಲ. ಪ್ರತಿಭಟನೆ ಮುಗಿದ ಮೇಲೂ ಕಟ್ಟುಗಳು ಬಿಚ್ಚದೆ ಕೂತಿದ್ದವು. ಕೊನೆಗೆ ಮಂಡಕ್ಕಿ ಮಿರ್ಚಿ ಅಂಗಡಿ ಸೇರಿದವು. ಅಲ್ಲಿ ಜನ ಮಿರ್ಚಿಯ ಎಣ್ಣೆ ಒತ್ತಿ ತೆಗೆಯುತ್ತಾ ಪೂರ್ತಿ ಓದಿದರಂತೆ. ತಾರೀಖು ಮುಗಿದಿತ್ತು, ಅಷ್ಟೇ.

ಅದನ್ನು ಕೇಳಿ ಒಬ್ಬ ಹಿರಿಯ ಕಾರ್ಯದರ್ಶಿ ತಮ್ಮ ಪಟ್ಟಿಯ ಮೇಲೆ ಬೆರಳಿಟ್ಟು ತೋರಿಸಿದರು. "ನೋಡು ತಮ್ಮಾ, ಈ ಹೆಸರಿದ್ರೆ ನಿಟ್ಟುವಳ್ಳಿಗೆ ಒಂದು ಕಟ್ಟು ಹೋದಂಗೆ. ಇದು ಭಾಷಾನಗರ. ಇದು ಆವರಗೆರೆ. ಹೆಸರು ಬಿಟ್ರೆ ಆ ಓಣಿನೇ ಬಿಟ್ಟಂಗೆ." ಹೆಸರಿದ್ದವನು ನಾಲ್ಕು ಮನೆಗಾದರೂ ಹೋಗಿ ತೋರಿಸುತ್ತಾನೆ. ತೋರಿಸುವುದು ತನ್ನ ಹೆಸರನ್ನೇ ಇರಬಹುದು. ಕಾಗದವಂತೂ ಮನೆ ಮುಟ್ಟಿತಲ್ವಾ?

ಅಂದಿನಿಂದ ನಾನು ಹೆಸರು ಕಡಿಮೆ ಮಾಡಿ ಅಂತ ಯಾರಿಗೂ ಹೇಳುವುದಿಲ್ಲ. ಎರಡು ಕಾಲಂ ಮಾಡಿ ಎಲ್ಲ ಹೆಸರನ್ನೂ ಒಂದೇ ಅಳತೆಯಲ್ಲಿ ಕೆಳಗೆ ಕೂರಿಸುತ್ತೇನೆ. ಪಟ್ಟಿಯ ನೆತ್ತಿಯ ಮೇಲೆ ಚೌಕಟ್ಟು ಹಾಕಿ ದಿನ, ಹೊತ್ತು, 'ಜಯದೇವ ವೃತ್ತದಿಂದ ಮೆರವಣಿಗೆ'. ಪ್ರತಿಯೊಬ್ಬರೂ ಮೊದಲು ಹುಡುಕುವುದು ತಮ್ಮ ಹೆಸರನ್ನು, ಇಲ್ಲವೇ ಆಗದವರ ಹೆಸರನ್ನು. ಆ ದಾರಿಯಲ್ಲೇ ತಾರೀಖು ಕಣ್ಣಿಗೆ ಬೀಳಬೇಕು.

ಉಳಿದಿರುವುದು ಯಾರು ಮೇಲೆ, ಯಾರು ಕೆಳಗೆ ಎಂಬುದು. ಮೊನ್ನೆ ರೈತರ ಒಂದು ಗುಂಪಿಗೆ ಅಕಾರಾದಿಯಲ್ಲಿ ಹಾಕೋಣ, ಯಾರಿಗೂ ಬೇಜಾರಾಗಲ್ಲ ಎಂದೆ. ಎಲ್ಲರೂ ಒಪ್ಪಿದರು. ಅಧ್ಯಕ್ಷರ ಹೆಸರು 'ಹ'ದಿಂದ ಶುರು. ಪ್ರೂಫ್‌ನಲ್ಲಿ ಅವರು ಕಟ್ಟಕಡೆಯ ಸಾಲಿಗೆ ಹೋಗಿದ್ದರು. ಅವರು ಕನ್ನಡಕ ಏರಿಸಿ ಎರಡು ಸಲ ಓದಿ, "ನಮ್ಮೂರ ಹೆಸರು ಮುಂದೆ ಸೇರಿಸ್ರಿ, ಊರೋರಿಗೆ ಗುರುತು ಸಿಗುತ್ತೆ" ಎಂದರು. ಅವರದು ಆನಗೋಡು. ಹೆಸರು ಸರ್ರನೆ ಎಲ್ಲರಿಗಿಂತ ಮೇಲೆ ಹೋಯಿತು. ಪಕ್ಕದ ಸ್ಟೂಲಿನಲ್ಲಿ ಕೂತಿದ್ದ ಖಜಾಂಚಿಯವರು ಆಗ ಗಂಟಲು ಸರಿಮಾಡಿಕೊಂಡು, "ಹಂಗಾದ್ರೆ ನನ್ನ ಹೆಸರಿನ ಮುಂದೂ ಊರು ಹಾಕಿಬಿಡ್ರಿ" ಎಂದರು. ಅವರದು ಅಣಜಿ.