‘ನಡೆಯುತ್ತಿರುವ ಸರ್ವರ್ ಮುಟ್ಟಬೇಡಿ’ ಎನ್ನುವವರಿಗೆ

ಗಂಗಾವತಿಯ ಒಂದು ರೈಸ್ ಮಿಲ್ಲಿನ ಡೇಟಾಬೇಸ್ ಸರ್ವರನ್ನು, ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶದ 9.6ನೇ ಆವೃತ್ತಿಯಿಂದ 16ಕ್ಕೆ ಏರಿಸಿ ಈಗಷ್ಟೇ ಕೊಪ್ಪಳಕ್ಕೆ ಮರಳಿದ್ದೇನೆ. ಸಿಟ್ಟು ಇನ್ನೂ ಇಳಿದಿಲ್ಲ. ಕೆಲಸ ಕಷ್ಟವಾಯಿತೆಂಬ ಸಿಟ್ಟಲ್ಲ ಇದು. ಹಂಗಾಮು ಮುಗಿದಾಗಲೆಲ್ಲ ನಾನು ಈ ಮಾತು ತೆಗೆದರೆ ಸಾವುಕಾರರದು ಒಂದೇ ಉತ್ತರ: “ನಡಿಯಾಕ ಹತ್ತೈತಲ್ರೀ, ಸುಮ್ನ ಯಾಕ ಮುಟ್ತೀರಿ?”

9.6 ಬಂದದ್ದು 2016ರಲ್ಲಿ. ಪೋಸ್ಟ್‌ಗ್ರೆಸ್‌ನ ಪ್ರತಿ ಪ್ರಮುಖ ಆವೃತ್ತಿಗೆ ಐದು ವರ್ಷ ಬೆಂಬಲ. ಇದರ ಅವಧಿ 2021ರ ನವೆಂಬರ್‌ನಲ್ಲೇ ಮುಗಿಯಿತು. ಆಮೇಲೆ ಅದರಲ್ಲಿ ಎಂಥ ಭದ್ರತಾ ದೋಷ ಕಂಡರೂ ತಿದ್ದುಪಡಿ ಬರುವುದಿಲ್ಲ. ಸುತ್ತಲಿನ ಊರುಗಳ ರೈತರಿಗೆ ಕೊಡಬೇಕಾದ ಬಾಕಿಯ ಲೆಕ್ಕವೆಲ್ಲ ಆ ಪೆಟ್ಟಿಗೆಯಲ್ಲಿತ್ತು, ಅದನ್ನು ನೆನೆದರೆ ನನಗೆ ನಿದ್ದೆ ಬರುತ್ತಿರಲಿಲ್ಲ.

‘ಹಳೆಯ ಆವೃತ್ತಿಯ ದತ್ತಾಂಶವನ್ನು ಹೊಸದಕ್ಕೆ ಸಾಗಿಸುವ ಪಿಜಿ_ಅಪ್‌ಗ್ರೇಡ್ ಎಂಬ ಸಾಧನ ಇರುವಾಗ 9.6ರಿಂದ 16ಕ್ಕೆ ಒಂದೇ ಜಿಗಿತದಲ್ಲಿ ಹೋಗಬಹುದಲ್ಲ, ವರ್ಷವರ್ಷ ಯಾಕೆ ಒದ್ದಾಡಬೇಕು’ ಎಂದು ನನ್ನದೇ ವೃತ್ತಿಯ ಗೆಳೆಯರು ಕೇಳುತ್ತಾರೆ. ಜಿಗಿಯಬಹುದು, ನಿಜ. ಆದರೆ ಅದು ಸಾಗಿಸುವುದು ದತ್ತಾಂಶವನ್ನು ಮಾತ್ರ. ನಡುವೆ ಬಿಟ್ಟುಹೋದ ಆರು ಆವೃತ್ತಿಗಳಲ್ಲಿ ಏನೇನು ಬದಲಾಗಿದೆ ಎಂಬುದನ್ನು ಓದಿ, ನಮ್ಮ ತಂತ್ರಾಂಶಕ್ಕೆ ಹೊಂದಿಸುವ ಕೆಲಸ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಹಳೆಯ ಕೋಷ್ಟಕಗಳನ್ನು ‘ವಿತ್ ಓಐಡಿ’ ಎಂದು, ಅಂದರೆ ಪ್ರತಿ ಸಾಲಿಗೂ ಸರ್ವರ್ ತಾನೇ ಒಂದು ಮರೆಯ ಸಂಖ್ಯೆ ಕೊಡುವಂತೆ, ರಚಿಸಿದ್ದರು. ಆ ಸೌಲಭ್ಯವನ್ನು 12ನೇ ಆವೃತ್ತಿಯಲ್ಲಿ ತೆಗೆದಿರುವುದರಿಂದ ಪಿಜಿ_ಅಪ್‌ಗ್ರೇಡ್‌ನ ಪೂರ್ವಪರೀಕ್ಷೆಯೇ ಅಲ್ಲಿ ನಿಂತಿತು. 14ರಿಂದ ಪೋಸ್ಟ್‌ಗ್ರೆಸ್ ಪಾಸ್‌ವರ್ಡ್‌ಗಳನ್ನು ತಾನಾಗಿಯೇ ಸ್ಕ್ರಾಮ್ ಎಂಬ ಹೆಚ್ಚು ಭದ್ರವಾದ ವಿಧಾನದಲ್ಲಿ ಇಡುತ್ತದೆ; ಲಾರಿ ತೂಗುವ ವೇಬ್ರಿಜ್‌ನ ಕಂಪ್ಯೂಟರಿನಲ್ಲಿದ್ದ ಹಳೆಯ ಡ್ರೈವರ್‌ಗೆ (ಸರ್ವರ್ ಜೊತೆ ಸಂಪರ್ಕ ಕಲ್ಪಿಸುವ ತಂತ್ರಾಂಶ) ಅದು ತಿಳಿಯದು, ಹೊಸ ಪಾಸ್‌ವರ್ಡ್ ಇಟ್ಟ ಕೂಡಲೇ ಲಾಗಿನ್ ನಿಂತುಹೋಯಿತು.

ಎಲ್ಲಕ್ಕಿಂತ ನನ್ನನ್ನು ಹೆದರಿಸಿದ್ದು ಇಂಡೆಕ್ಸ್, ಅಂದರೆ ಬೇಗ ಹುಡುಕಲೆಂದು ಡೇಟಾಬೇಸ್ ಕ್ರಮವಾಗಿ ಜೋಡಿಸಿಟ್ಟುಕೊಳ್ಳುವ ಸೂಚಿ. ಸರ್ವರ್ ಜೊತೆಗೆ ಲಿನಕ್ಸ್ ಕೂಡ ಹೊಸದಾಯಿತು. ಲಿನಕ್ಸ್‌ನ ಜಿಲಿಬ್‌ಸಿ ಎಂಬ ಮೂಲ ತಂತ್ರಾಂಶ ಸಂಗ್ರಹವು 2018ರ 2.28ನೇ ಆವೃತ್ತಿಯಲ್ಲಿ ಅಕ್ಷರಗಳನ್ನು ಜೋಡಿಸುವ ಕ್ರಮವನ್ನೇ ಬದಲಿಸಿದೆ: ಮೊದಲು ‘11’ ಆದ ಮೇಲೆ ‘1-1’ ಬರುತ್ತಿತ್ತು, ಈಗ ‘1-1’ ಮೊದಲು. ನಮ್ಮ ಲಾಟ್ ನಂಬರುಗಳೆಲ್ಲ ಇಂಥವೇ. ತಾಲೀಮಿಗೆಂದು ಮಾಡಿಕೊಂಡ ಪ್ರತಿಯಲ್ಲಿ, ಲಾಟ್ ಕಣ್ಣೆದುರು ಪಟ್ಟಿಯಲ್ಲಿದ್ದರೂ ಅದರ ನಂಬರ್ ಕೊಟ್ಟು ಹುಡುಕಿದರೆ ‘ಇಲ್ಲ’ ಎಂದಿತು! ಇಂಡೆಕ್ಸ್ ಇದ್ದದ್ದು ಹಳೆಯ ಕ್ರಮದಲ್ಲಿ, ಹುಡುಕಿದ್ದು ಹೊಸ ಕ್ರಮದಲ್ಲಿ. ದೋಷದ ಸಂದೇಶವೂ ಇಲ್ಲ. ಪಠ್ಯದ ಇಂಡೆಕ್ಸ್‌ಗಳನ್ನೆಲ್ಲ ಮರುಕಟ್ಟಿದ ಮೇಲೆ ಸರಿಹೋಯಿತು. ತಾಲೀಮು ಮಾಡದೆ ನೇರ ಜಿಗಿದಿದ್ದರೆ ಯಾವ ರೈತನ ಯಾವ ಲಾಟು ಲೆಕ್ಕ ತಪ್ಪುತ್ತಿತ್ತೋ!

ಏರಿಕೆಯಾದ ಮೇಲೆ ‘ಅನಲೈಸ್’ ನಡೆಸುವುದನ್ನೂ ಮರೆಯಬಾರದು. ಹುಡುಕಲು ಹತ್ತಿರದ ದಾರಿ ಆರಿಸಲೆಂದು ಸರ್ವರ್ ದತ್ತಾಂಶದ ಬಗ್ಗೆ ಇಟ್ಟುಕೊಳ್ಳುವ ಅಂಕಿಅಂಶಗಳನ್ನು ಈ ಆದೇಶ ಹೊಸದಾಗಿ ಕಲೆಹಾಕುತ್ತದೆ. 16ಕ್ಕೆ ಹೋಗುವಾಗ ಹಳೆಯ ಅಂಕಿಅಂಶಗಳು ಜೊತೆಗೆ ಬರುವುದಿಲ್ಲವಾದ್ದರಿಂದ, ಅದಿಲ್ಲದೆ ಮರುದಿನ ಬೆಳಿಗ್ಗೆ ಪ್ರತಿ ಬಿಲ್ಲೂ ತೆವಳುತ್ತದೆ, ಬೈಗುಳ ಮಾತ್ರ ಹೊಸ ಆವೃತ್ತಿಗೆ. ದತ್ತಾಂಶವನ್ನು ನಕಲು ಮಾಡದೆ ಹಳೆಯ ಕಡತಗಳನ್ನೇ ಹೊಸ ಸರ್ವರ್‌ಗೆ ಹಂಚುವ ಲಿಂಕ್ ವಿಧಾನ ಬಳಸುವವರು ಬ್ಯಾಕಪ್ ಇಲ್ಲದೆ ಕೈಹಾಕಬೇಡಿ: ಹೊಸ ಸರ್ವರ್ ಒಮ್ಮೆ ಚಾಲೂ ಆದರೆ ಹಳೆಯದಕ್ಕೆ ಹಿಂತಿರುಗುವ ದಾರಿ ಮುಚ್ಚಿತೆಂದೇ ತಿಳಿಯಿರಿ.

ಇವೆಲ್ಲವನ್ನೂ ಆಯಾ ವರ್ಷ ಒಂದೊಂದಾಗಿ ಮಾಡಿದ್ದರೆ ಒಂದು ಭಾನುವಾರದ ಕೆಲಸ. ಕೂಡಿಟ್ಟ ಸಾಲದಂತೆ ಎಲ್ಲವೂ ಒಟ್ಟಿಗೆ ತಲೆಯ ಮೇಲೆ ಬಂದದ್ದು ‘ನಡಿಯಾಕ ಹತ್ತೈತಲ್ರೀ’ ಎಂಬ ಆ ಒಂದು ಮಾತಿನಿಂದ. 16ಕ್ಕೆ 2028ರ ನವೆಂಬರ್‌ವರೆಗೆ ಬೆಂಬಲವಿದೆ. ಅದಕ್ಕೆ ಮೊದಲೇ ಮುಂದಿನ ಏರಿಕೆ ಆಗಬೇಕೆಂದು ಈ ಸಲ ಸಾವುಕಾರರಿಂದ ಬರೆಸಿಕೊಂಡೇ ಬಂದಿದ್ದೇನೆ. ಕಾರಟಗಿ, ಸಿಂಧನೂರಿನ ಕಡೆ ಇನ್ನೂ 9.6 ಇಟ್ಟುಕೊಂಡಿರುವ ಗೆಳೆಯರು, ಹೊಸ ಭತ್ತ ಗೇಟಿಗೆ ಬರುವುದರೊಳಗೆ ನನಗೊಂದು ಫೋನ್ ಮಾಡಿ.